ಗಾಜಿನ ತೊಟ್ಟಿಯಲ್ಲಿ ಡಿಸ್ಕಸ್ ಮೀನು

ಮೊಮ್ಮಕ್ಕಳ ಒತ್ತಾಯಕ್ಕೆ ಕಟ್ಟುಬಿದ್ದು ಗಾಜಿನ ತೊಟ್ಟಿ ತಂದು, ಅದರಲ್ಲಿ ಡಿಸ್ಕಸ್ ಮೀನು ಬಿಟ್ಟ ಸದಸ್ಯ ಬಾಂಧವರು ಕೆಲವರಿದ್ದಾರೆ. ತಂದ ತಿಂಗಳೊಳಗೆ ಮೀನು ಸತ್ತಿತೆಂದು ಕಚೇರಿಯಲ್ಲಿ ಹೇಳಿಕೊಂಡವರೂ ಉಂಟು. ನಾವೂ ನಷ್ಟಪಟ್ಟೇ ಕಲಿತವರಾದ್ದರಿಂದ ಈ ನಾಲ್ಕು ಮಾತು.

ಡಿಸ್ಕಸ್ ಅಮೆಜಾನ್ ನದೀಪ್ರದೇಶದ ಮೀನು. ತಟ್ಟೆಯಂತೆ ದುಂಡಗೆ, ಚಪ್ಪಟೆಯಾಗಿದ್ದು 15ರಿಂದ 20 ಸೆಂಟಿಮೀಟರ್ ಬೆಳೆಯುತ್ತದೆ. ಇದರ ಮರಿಗಳು ಮೊದಲ ದಿನಗಳಲ್ಲಿ ತಂದೆತಾಯಿಯ ಮೈಮೇಲಿನ ಲೋಳೆಯನ್ನೇ ತಿಂದು ಬೆಳೆಯುತ್ತವೆ. ಗುಂಪಿನಲ್ಲಿ ಬಾಳುವ ಮೀನಾದ್ದರಿಂದ ಐದಾರನ್ನು ಒಟ್ಟಿಗೆ ಸಾಕತಕ್ಕದ್ದು. ಅದಕ್ಕೆ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ, ಸುಮಾರು 250 ಲೀಟರ್ ಹಿಡಿಯುವ ತೊಟ್ಟಿ ಬೇಕು.

ತೊಟ್ಟಿ ತುಂಬಿಸಿದ ದಿನವೇ ಮೀನು ಬಿಡಕೂಡದು. ಮೀನಿನ ಮಲಮೂತ್ರದಿಂದ ಹುಟ್ಟುವ ಅಮೋನಿಯಾ ವಿಷ. ತೋಟದ ಮಣ್ಣಿನಲ್ಲಿ ಗೊಬ್ಬರದ ಅಮೋನಿಯಾವನ್ನು ಸೂಕ್ಷ್ಮಜೀವಿಗಳು ನೈಟ್ರೈಟ್ ಆಗಿಯೂ ಅನಂತರ ನೈಟ್ರೇಟ್ ಆಗಿಯೂ ಮಾರ್ಪಡಿಸುವಂತೆ, ತೊಟ್ಟಿಯ ಫಿಲ್ಟರಿನಲ್ಲಿಯೂ ಅವೇ ಬಗೆಯ ಜೀವಿಗಳು ಬೆಳೆಯಬೇಕು. ಇದಕ್ಕೆ 4ರಿಂದ 6 ವಾರ ಹಿಡಿಯುತ್ತದೆ. ಕೊನೆಗೆ ಉಳಿಯುವ ನೈಟ್ರೇಟನ್ನು ತೆಗೆಯಲು ವಾರಕ್ಕೆರಡು ಸಲ ಕಾಲುಭಾಗ ನೀರು ಬದಲಿಸಬೇಕು.

ನೀರಿನ ಉಷ್ಣತೆ 28ರಿಂದ 30 ಡಿಗ್ರಿ ಸೆಂಟಿಗ್ರೇಡ್ ಇರಬೇಕು. ಮಳೆಗಾಲದಲ್ಲಿ ನಮ್ಮ ಬಾವಿನೀರು ಇದಕ್ಕಿಂತ ಬಹಳ ತಣ್ಣಗಿರುವುದರಿಂದ ಹೀಟರ್ ಅಗತ್ಯ. ನಾವು ಎಡವಿದ್ದೇ ಇಲ್ಲಿ. ಒಂದು ಆಷಾಢದಲ್ಲಿ ಎರಡು ದಿನ ಕರೆಂಟು ಹೋದಾಗ, ಬಚ್ಚಲುಮನೆಯ ತಾಮ್ರದ ಹಂಡೆಯ ಬಿಸಿನೀರನ್ನೇ ಹದಮಾಡಿ ತೊಟ್ಟಿಗೆ ಸುರಿದೆವು. ಬೆಳಗಾಗುವಷ್ಟರಲ್ಲಿ ತೊಟ್ಟಿಯ ಬಸವನಹುಳುಗಳೆಲ್ಲ ಸತ್ತಿದ್ದವು. ಮೀನುಗಳು ಕಪ್ಪಿಟ್ಟು ಮೂಲೆ ಸೇರಿದವು. ಆರರಲ್ಲಿ ಉಳಿದದ್ದು ಎರಡು. ಮೆದುವಾದ, ಹುಳಿ ಗುಣದ ನೀರು ಹಂಡೆಯಲ್ಲಿ ನಿಂತರೆ ತಾಮ್ರ ಕರಗುತ್ತದೆ. ಅಂಥ ನೀರಿನಲ್ಲಿ ತಾಮ್ರ ಮೀನಿನ ಕಿವಿರಿಗೆ ಇನ್ನೂ ಹೆಚ್ಚು ಹಾನಿಕರ. ಕೊಳೆರೋಗಕ್ಕೆ ವರ್ಷವರ್ಷವೂ ಮೈಲುತುತ್ತ ಕಲಸುವ ನಮಗೇ ಇದು ಹೊಳೆಯಲಿಲ್ಲ!

ಆದ್ದರಿಂದ ಬೋರ್ಡೋ ದ್ರಾವಣಕ್ಕೆ ಬಳಸಿದ ಬಕೆಟ್, ಡ್ರಮ್, ಪೈಪುಗಳನ್ನು ತೊಟ್ಟಿಯ ಕೆಲಸಕ್ಕೆ ಮುಟ್ಟಿಸಬೇಡಿ. ಔಷಧಿ ಹೊಡೆದ ದಿನ ಸ್ನಾನವಾಗದೆ ತೊಟ್ಟಿಗೆ ಕೈಹಾಕಬೇಡಿ. ನೀರು ಕಾಯಿಸಲು ಸ್ಟೀಲಿನ ಪಾತ್ರೆಯೇ ಇರಲಿ. ಕರೆಂಟು ಹೋದಾಗ ತೊಟ್ಟಿಯ ಸುತ್ತ ಕಂಬಳಿ ಹೊದಿಸಿ, ಮೇಲೆ ಗಾಳಿಯಾಡಲು ಬಿಟ್ಟು, ಬ್ಯಾಟರಿಯ ಗಾಳಿಪಂಪು ನಡೆಸಿ.

ಬಾವಿನೀರನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಒಂದು ದಿನ ಗಾಳಿಯಾಡಿಸಿ, ಬೆಚ್ಚಗೆ ಮಾಡಿ ಬಳಸುವುದು ಕ್ಷೇಮ. ತೀರ ಮೆದು ನೀರಿನ ಹುಳಿ ಹಠಾತ್ತನೆ ಏರುವುದುಂಟು; ಆಗಾಗ್ಗೆ ಪಿ.ಎಚ್. ನೋಡುತ್ತಿರಬೇಕು. ಪೇಟೆಯಲ್ಲಿ ಸಿಗುವ, ತೊಟ್ಟಿಯಲ್ಲೇ ಬೆಳೆಸಿದ ಮೀನುಗಳಿಗೆ 6ರಿಂದ 7.5 ಒಗ್ಗುತ್ತದೆ. ಹೊಸ ಮೀನನ್ನು 4 ವಾರ ಬೇರೆಯಾಗಿಟ್ಟು ಅನಂತರ ಗುಂಪಿಗೆ ಬಿಡಿ.

ಬಣ್ಣ ಕಪ್ಪಾಗುವುದು, ಮೇವು ಬಿಡುವುದು, ಏದುಸಿರು, ಬಿಳಿ ದಾರದಂಥ ಮಲ ಇವು ಅನಾರೋಗ್ಯದ ಲಕ್ಷಣಗಳು. ಕಂಡೊಡನೆ ಔಷಧಿಗೆ ಓಡದೆ ಮೊದಲು ನೀರನ್ನು ಪರೀಕ್ಷಿಸಿ. ಮೀನು ಸಾಕುವುದೆಂದರೆ ಮುಕ್ಕಾಲುಪಾಲು ನೀರನ್ನು ಸಾಕುವುದೇ ಆಗಿದೆ.

ಸದಸ್ಯರು ಕಚೇರಿಗೆ ಬಂದಾಗ ತಮ್ಮ ಅನುಭವವನ್ನೂ ತಿಳಿಸಿದರೆ ಇತರರಿಗೆ ಉಪಕಾರವಾದೀತು.