ರಿಪೀಟರ್ ಸಿಗದಿದ್ದರೇನು, ತಂತಿ ಕಟ್ಟಿ!

ಪರೀಕ್ಷೆ ಪಾಸಾಯಿತು, ಲೈಸೆನ್ಸ್ ಮನೆಗೆ ಬಂತು, ‘ವಿಯು3’ ಎಂದು ಶುರುವಾಗುವ ಸ್ವಂತ ಕಾಲ್‌ಸೈನ್ ಕೂಡ ಸಿಕ್ಕಿತು. ಅಂಗೈಯಲ್ಲಿ ಹಿಡಿಯುವಂಥ ಪುಟ್ಟ ಸೆಟ್ಟು ತಂದದ್ದಾಯಿತು. ಮಾಳಿಗೆ ಹತ್ತಿ, ಗುಂಡಿ ಒತ್ತಿ, ಕಾಲ್‌ಸೈನ್ ಹೇಳಿ ಕಾದರೆ ಆ ಕಡೆಯಿಂದ ಬರೀ ಸುಂಯ್ ಸದ್ದು. ಮರುದಿನವೂ ಅದೇ. ಹದಿನೈದು ದಿನದಲ್ಲಿ ಸೆಟ್ಟು ಕಪಾಟು ಸೇರುತ್ತದೆ, ಅದರ ಚಾರ್ಜರ್ ಎಲ್ಲಿದೆ ಎಂಬುದೂ ಮರೆತುಹೋಗುತ್ತದೆ. ಹೊಸದಾಗಿ ಹ್ಯಾಮ್ ಆದ ಎಷ್ಟೋ ಕಾಲೇಜು ಹುಡುಗ ಹುಡುಗಿಯರ ಕಥೆ ಇಷ್ಟಕ್ಕೇ ಮುಗಿಯುತ್ತದೆ. ದೊಡ್ಡ ನಗರಗಳಿಂದ ದೂರ ಇರುವ ನಮ್ಮ ಕೊಣ್ಣೂರು, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರದಂತೂ ಇದೇ ಪಾಡು.

ಸೆಟ್ಟಿನಲ್ಲಿ ದೋಷವಿಲ್ಲ, ನಿಮ್ಮಲ್ಲೂ ಇಲ್ಲ. ‘ಹ್ಯಾಮ್ ರೇಡಿಯೊ ಅಂದರೆ ರಿಪೀಟರ್’ ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆಯಲ್ಲ, ತೊಂದರೆ ಇರುವುದು ಅಲ್ಲಿ.

ರಿಪೀಟರ್ ಎಂದರೆ ಎತ್ತರದ ಗುಡ್ಡದ ಮೇಲೋ ಕಟ್ಟಡದ ಮೇಲೋ ಕೂತ ಒಂದು ಯಂತ್ರ. ಒಂದು ತರಂಗಾಂತರದಲ್ಲಿ ಕೇಳಿಸಿಕೊಂಡದ್ದನ್ನು ಅದೇ ಹೊತ್ತಿಗೆ ಇನ್ನೊಂದು ತರಂಗಾಂತರದಲ್ಲಿ ಜೋರಾಗಿ ಕೂಗಿ ಹೇಳುತ್ತದೆ. 145 ಮೆಗಾಹರ್ಟ್ಸ್ ಸುತ್ತಮುತ್ತ ಈ ಎರಡರ ನಡುವೆ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಅಂತರ. ನಗರದಲ್ಲಿ ಇರುವವರಿಗೆ ಇದು ದೊಡ್ಡ ವರ. ಆದರೆ ಈ ತರಂಗಗಳು ಹೆಚ್ಚುಕಡಿಮೆ ನೇರವಾಗಿ ಹೋಗುವಂಥವು, ಭೂಮಿಯ ಬಾಗನ್ನು ಬಳಸಿಕೊಂಡು ಹೋಗುವುದಿಲ್ಲ. ಅಂಟೆನಾ 10 ಮೀಟರ್ ಎತ್ತರದಲ್ಲಿದ್ದರೆ ಅದರ ರೇಡಿಯೊ ದಿಗಂತ ಸುಮಾರು 13 ಕಿಲೋಮೀಟರ್. 100 ಮೀಟರ್ ಎತ್ತರಕ್ಕೆ ಒಯ್ದರೆ 41 ಕಿಲೋಮೀಟರ್. ನಡುವೆ ಗೋಕಾಕದ ಗುಡ್ಡಗಳು ಅಡ್ಡ ಬಂದರೆ ಲೆಕ್ಕ ಇನ್ನೂ ಕಡಿಮೆ. ಬೆಳಗಾವಿ ನಗರವೇ ನಮ್ಮಿಂದ ಐವತ್ತು ಕಿಲೋಮೀಟರಿಗೂ ಆಚೆ. ಸೆಟ್ಟಿನ ಜತೆ ಬಂದ ಗೇಣುದ್ದದ ರಬ್ಬರ್ ಅಂಟೆನಾ ಇಟ್ಟುಕೊಂಡು ಅಲ್ಲಿಗೆ ಮಾತು ಮುಟ್ಟಿಸುತ್ತೇನೆ ಎಂದರೆ ಹೇಗೆ?

ಪ್ರವಾಹದ ನೆನಪು

2019ರ ಆಗಸ್ಟ್ ಈ ಭಾಗದ ಯಾರಿಗೂ ಮರೆಯುವಂತಿಲ್ಲ. ಘಟಪ್ರಭೆ ಉಕ್ಕಿ ಗೋಕಾಕದೊಳಕ್ಕೇ ನುಗ್ಗಿದಳು. ಲೋಳಸೂರ ಸೇತುವೆ ಮುಳುಗುವುದು ಆಮೇಲೂ ನಿಂತಿಲ್ಲ. ನೆರೆ ಬಂದಾಗ ಮೊದಲು ಹೋಗುವುದು ವಿದ್ಯುತ್. ಅದು ಬಹಳ ಹೊತ್ತು ಬಾರದಿದ್ದರೆ ಮೊಬೈಲ್ ಟವರ್‌ಗಳ ಬ್ಯಾಟರಿಯೂ ಖಾಲಿಯಾಗುತ್ತದೆ. ಇಂಥ ಹೊತ್ತಿಗೆ ಹ್ಯಾಮ್‌ಗಳು ಬೇಕು ಎಂದು ಎಲ್ಲರೂ ಹೇಳುತ್ತಾರೆ. ಸರಿ, ಆದರೆ ರಿಪೀಟರ್ ನಡೆಯುವುದೂ ವಿದ್ಯುತ್ತಿನಿಂದಲೇ. ಅದು ಮಲಗಿದ ದಿನ, ರಿಪೀಟರ್ ಬಿಟ್ಟು ಬೇರೇನೂ ಗೊತ್ತಿಲ್ಲದ ಹ್ಯಾಮ್‌ಗೂ ಲೈಸೆನ್ಸ್ ಇಲ್ಲದವನಿಗೂ ವ್ಯತ್ಯಾಸವೇನು?

2004ರ ಡಿಸೆಂಬರಿನಲ್ಲಿ ದೆಹಲಿಯ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿತ್ತು. ಹಲವು ವರ್ಷಗಳಿಂದ ಅಲ್ಲಿಂದ ಯಾವ ಹ್ಯಾಮ್ ದನಿಯೂ ಕೇಳಿರಲಿಲ್ಲವಾದ್ದರಿಂದ ಜಗತ್ತಿನ ಹ್ಯಾಮ್‌ಗಳೆಲ್ಲ ಅವರ ‘ವಿಯು4ಆರ್‌ಬಿಐ’ ಕರೆಗೆ ಕಾದು ಕೂತಿದ್ದರು. ಹೋದದ್ದು ಹವ್ಯಾಸಕ್ಕೆ. 26ರ ಬೆಳಿಗ್ಗೆ ಸುನಾಮಿ ಬಂತು. ಸಾಮಾನ್ಯ ಸಂಪರ್ಕಗಳು ಕಡಿದುಹೋದಾಗ ಅದೇ ಸೆಟ್ಟು, ಅದೇ ಅಂಟೆನಾದಿಂದ ದ್ವೀಪದ ಸುದ್ದಿ ಮುಖ್ಯ ಭೂಮಿಗೆ ಮುಟ್ಟಿತು. ಸಿಕ್ಕಿಬಿದ್ದವರ ಕ್ಷೇಮ ಸಮಾಚಾರ ಮನೆಗಳಿಗೆ ತಲುಪಿತು. ನಡುವೆ ಇದ್ದದ್ದು ಸಾವಿರ ಕಿಲೋಮೀಟರಿಗೂ ಹೆಚ್ಚು ಸಮುದ್ರ. ಅಲ್ಲಿ ಯಾವ ರಿಪೀಟರನ್ನು ನೆಡುತ್ತೀರಿ? ಆ ಕೆಲಸ ಮಾಡಿದ್ದು ಎಚ್‌ಎಫ್, ಅಂದರೆ 3ರಿಂದ 30 ಮೆಗಾಹರ್ಟ್ಸ್ ನಡುವಿನ ಹಳೆಯ ಶಾರ್ಟ್‌ವೇವ್.

ಹತ್ತು ಮೀಟರ್ ಆ ಕಡೆ, ಹತ್ತು ಮೀಟರ್ ಈ ಕಡೆ

ಭೂಮಿಯಿಂದ ಇನ್ನೂರು, ನಾನ್ನೂರು ಕಿಲೋಮೀಟರ್ ಮೇಲೆ ಸೂರ್ಯನ ಬಿಸಿಲಿಗೆ ವಿದ್ಯುದಾವೇಶ ಪಡೆದ ಗಾಳಿಯ ಪದರವಿದೆ. ಅದೇ ಅಯಾನುಗೋಳ. ಶಾರ್ಟ್‌ವೇವ್ ತರಂಗಗಳು ಅಲ್ಲಿಂದ ಬಾಗಿ ಮತ್ತೆ ಭೂಮಿಗೆ ಮರಳುತ್ತವೆ. ಆದ್ದರಿಂದ ಗುಡ್ಡ ಅಡ್ಡ ಇದ್ದರೂ ಚಿಂತೆಯಿಲ್ಲ. ನಿಜ ಹೇಳಬೇಕೆಂದರೆ ನಮ್ಮಂಥ ಊರಿಗೆ ಪ್ರಕೃತಿಯೇ ಇಟ್ಟ ರಿಪೀಟರ್ ಇದು. ಇದಕ್ಕೆ ಕರೆಂಟ್ ಬಿಲ್ಲೂ ಇಲ್ಲ.

ಹೊಸಬರಿಗೆ ನನ್ನ ಮೊದಲ ಸಲಹೆ 7 ಮೆಗಾಹರ್ಟ್ಸ್, ಅಂದರೆ 40 ಮೀಟರ್ ಬ್ಯಾಂಡ್. ಅಂಟೆನಾಗೆ ಅಂಗಡಿ ಹುಡುಕಬೇಕಿಲ್ಲ. 143ನ್ನು ಮೆಗಾಹರ್ಟ್ಸಿನಿಂದ ಭಾಗಿಸಿ, ತಂತಿಯ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್. ಅದನ್ನು ಸರಿ ಅರ್ಧಕ್ಕೆ ಕತ್ತರಿಸಿ, ನಡುವೆ ಕೋಆಕ್ಸಿಯಲ್ ಕೇಬಲ್ ಜೋಡಿಸಿ, ಎರಡು ತುದಿಗೆ ಪ್ಲಾಸ್ಟಿಕ್ ತುಂಡು ಕಟ್ಟಿ, ಹಗ್ಗದಿಂದ ಎಳೆದು ನಿಲ್ಲಿಸಿದರೆ ಡೈಪೋಲ್ ತಯಾರು. ಮನೆ ವೈರಿಂಗಿನ ತಾಮ್ರದ ತಂತಿಯೇ ಸಾಕು. ಒಂದು ತುದಿ ತೆಂಗಿನ ಮರಕ್ಕೆ, ಇನ್ನೊಂದು ನೀರಿನ ಟ್ಯಾಂಕಿಗೆ. ಉದ್ದ ಸ್ವಲ್ಪ ಜಾಸ್ತಿಯೇ ಇಟ್ಟುಕೊಂಡು, ಎಸ್‌ಡಬ್ಲ್ಯುಆರ್ ಮೀಟರ್ ನೋಡುತ್ತ ಎರಡೂ ಕಡೆ ಸಮನಾಗಿ ಕತ್ತರಿಸುತ್ತ ಬನ್ನಿ. ಕತ್ತರಿಸಿದ್ದನ್ನು ಮತ್ತೆ ಅಂಟಿಸುವುದು ಬೇಸರದ ಕೆಲಸ.

ಎತ್ತರಕ್ಕೆ ಕಟ್ಟಲಾಗಲಿಲ್ಲವೇ? ಒಳ್ಳೆಯದೇ ಆಯಿತು. ಏಳೆಂಟು ಮೀಟರ್ ಎತ್ತರದ ಡೈಪೋಲ್ ತನ್ನ ಶಕ್ತಿಯ ಬಹುಪಾಲನ್ನು ನೆತ್ತಿಯ ಮೇಲಕ್ಕೇ ಎಸೆಯುತ್ತದೆ. ಅದು ಅಯಾನುಗೋಳಕ್ಕೆ ಬಡಿದು ಕೊಡೆಯ ಹಾಗೆ ಸುತ್ತಲೂ ಮುನ್ನೂರು, ನಾನ್ನೂರು ಕಿಲೋಮೀಟರ್‌ವರೆಗೆ ಇಳಿಯುತ್ತದೆ. ಹಗಲು ಹೊತ್ತಿನಲ್ಲಿ ಬೆಳಗಾವಿ, ಹುಬ್ಬಳ್ಳಿ, ಕೊಲ್ಲಾಪುರ, ವಿಜಯಪುರ ಎಲ್ಲವೂ ಇದರ ಅಡಿಯಲ್ಲೇ ಬರುತ್ತವೆ. ಪ್ರವಾಹದ ಹೊತ್ತಿಗೆ ಬೇಕಾಗುವುದು ಸರಿಯಾಗಿ ಇಷ್ಟೇ ದೂರ. ಅಮೆರಿಕದ ಜತೆ ಮಾತಾಡಿದೆ ಎಂದು ಹೇಳಿಕೊಳ್ಳುವುದರಲ್ಲಿ ಖುಷಿಯಿದೆ, ಆದರೆ ಜಿಲ್ಲಾ ಕೇಂದ್ರಕ್ಕೆ ಮಾತು ಮುಟ್ಟಿಸುವ ಕಲೆ ಅದಕ್ಕಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ದೂರದ ಆಸೆ ಇದ್ದವರಿಗೆ 14 ಮೆಗಾಹರ್ಟ್ಸ್ ಇದ್ದೇ ಇದೆ. ಅದಕ್ಕೆ ತಂತಿಯೂ ಅರ್ಧ ಸಾಕು.

ಒಂದೆರಡು ಎಚ್ಚರಿಕೆ. ಹೆಸ್ಕಾಂ ತಂತಿಯ ಮೇಲಾಗಲಿ ಕೆಳಗಾಗಲಿ ಅಂಟೆನಾ ಹಾಯಿಸಬೇಡಿ. ತುಂಡಾಗಿ ಬಿದ್ದರೆ ಜೀವಕ್ಕೆ ಕುತ್ತು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಹೊತ್ತಿಗೆ ಕೇಬಲ್ಲನ್ನು ಸೆಟ್ಟಿನಿಂದ ಕಿತ್ತು ಹೊರಗೆ ಇಡಿ. ಇನ್ನು ಗದ್ದಲದ ವಿಷಯ: ಕಳಪೆ ಎಲ್‌ಇಡಿ ಬಲ್ಬು, ಚಾರ್ಜರ್‌ಗಳೆಲ್ಲ ಶಾರ್ಟ್‌ವೇವ್‌ನಲ್ಲಿ ಗರಗರ ಎನ್ನುತ್ತವೆ. ಕರೆಂಟು ಹೋಯಿತೆಂದು ಊರೆಲ್ಲ ಬೈಯುತ್ತಿರುವಾಗ ಹ್ಯಾಮ್ ಮಾತ್ರ 12 ವೋಲ್ಟ್ ಬ್ಯಾಟರಿಗೆ ಸೆಟ್ಟು ಜೋಡಿಸಿ ಕೂರುತ್ತಾನೆ. ಬ್ಯಾಂಡು ಅಷ್ಟು ಸ್ವಚ್ಛವಾಗಿ ಇನ್ಯಾವಾಗಲೂ ಕೇಳುವುದಿಲ್ಲ!

ದುಡ್ಡೆಲ್ಲಿಂದ ತರೋದು?

ಇದು ನ್ಯಾಯವಾದ ಪ್ರಶ್ನೆ. ಕಂಪನಿಯ ಹೊಸ ಎಚ್‌ಎಫ್ ಸೆಟ್ಟಿನ ಬೆಲೆ ಕೇಳಿದರೆ ಕೆಲಸ ಹುಡುಕುತ್ತಿರುವವರಿಗೆ ತಲೆ ತಿರುಗುತ್ತದೆ. ಇದಕ್ಕೆ ಪಕ್ಕದ ಹೈದರಾಬಾದಿನಲ್ಲೇ ಉತ್ತರ ಹುಟ್ಟಿತು. ಅಶರ್ ಫರ್ಹಾನ್ ಎಂಬ ಹ್ಯಾಮ್ (ವಿಯು2ಇಎಸ್‌ಇ) ನಮ್ಮ ದೇಶದ ಸಣ್ಣ ಊರಿನ ಅಂಗಡಿಯಲ್ಲೂ ಸಿಗುವ ಬಿಡಿಭಾಗಗಳಿಂದ ‘ಬಿಟ್‌ಎಕ್ಸ್’ ಎಂಬ ಟ್ರಾನ್ಸೀವರ್ ವಿನ್ಯಾಸ ಮಾಡಿದರು. ಸುರುಳಿ ಸುತ್ತಲು ವಿದೇಶಿ ಕೋರ್ ಸಿಗದಿದ್ದರೆ ನಲ್ಲಿಗೆ ಹಾಕುವ ವಾಷರ್ ಬಳಸಿ ಎಂದರು! ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಆ ವಿನ್ಯಾಸವನ್ನು ಜಗತ್ತಿನಾದ್ಯಂತ ಹವ್ಯಾಸಿಗಳು ಕಟ್ಟಿದರು. ಶಕ್ತಿ ಐದಾರು ವ್ಯಾಟ್, ಒಂದು ಚಿಕ್ಕ ಎಲ್‌ಇಡಿ ಬಲ್ಬಿನಷ್ಟು. ಬೆಸುಗೆ ಹಾಕಲು ಬರುವ ಡಿಪ್ಲೊಮಾ, ಐಟಿಐ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ನನಗಂತೂ ತೋಚುವುದಿಲ್ಲ. ನಾಲ್ಕು ಜನ ಗೆಳೆಯರು ಸೇರಿ ಒಂದು ಸೆಟ್ಟು ಕಟ್ಟಿದರೂ ಆಯಿತು.

ಐದು ವ್ಯಾಟಿನಲ್ಲಿ ಮಾತು ಸ್ಪಷ್ಟವಾಗಿ ಮುಟ್ಟದ ದಿನ ಕಂಪ್ಯೂಟರ್ ನೆರವಿಗೆ ಬರುತ್ತದೆ. ಜೋ ಟೇಲರ್ ಎಂಬ ಹ್ಯಾಮ್ ಇದ್ದಾರೆ. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಅವರು ಸ್ಟೀವ್ ಫ್ರಾಂಕ್ ಜತೆ ಸೇರಿ 2017ರಲ್ಲಿ ಹೊರತಂದದ್ದು ‘ಎಫ್‌ಟಿ8’ ಎಂಬ ಡಿಜಿಟಲ್ ವಿಧಾನ. ಹದಿನೈದು ಸೆಕೆಂಡಿಗೊಂದು ಸರದಿ. ಕಿವಿಗೆ ಗದ್ದಲವಲ್ಲದೆ ಬೇರೇನೂ ಕೇಳದಿರುವಲ್ಲಿಯೂ ಕಂಪ್ಯೂಟರ್ ಸಂದೇಶವನ್ನು ಹೆಕ್ಕಿ ತೆಗೆಯುತ್ತದೆ. ತಂತ್ರಾಂಶ ಉಚಿತ. ಆದರೆ ಬರೀ ಇದಕ್ಕೇ ಅಂಟಿಕೊಂಡರೆ ರಿಪೀಟರಿಗೆ ಅಂಟಿಕೊಂಡ ಹಾಗೆಯೇ. ಅಲ್ಲಿ ಮಾತಾಡುವುದು ಎರಡು ಕಂಪ್ಯೂಟರ್‌ಗಳು, ನೀವಲ್ಲ.

ಕೈಯಲ್ಲಿರುವ ಸೆಟ್ಟನ್ನೇ ಬಳಸಿ

ಎಚ್‌ಎಫ್ ಸೆಟ್ಟು ಬರುವವರೆಗೆ ಸುಮ್ಮನೆ ಕೂರಬೇಕಿಲ್ಲ. ರಬ್ಬರ್ ಅಂಟೆನಾ ತೆಗೆದು, 49 ಸೆಂಟಿಮೀಟರಿನ ಐದು ತಾಮ್ರದ ತಂತಿ ತನ್ನಿ. ಒಂದು ನೆಟ್ಟಗೆ ಮೇಲಕ್ಕೆ, ನಾಲ್ಕು ಕೆಳಗೆ ಕೊಡೆಯ ಕಡ್ಡಿಯಂತೆ ಓರೆಯಾಗಿ. ಇದು 145 ಮೆಗಾಹರ್ಟ್ಸ್‌ನ ಗ್ರೌಂಡ್ ಪ್ಲೇನ್ ಅಂಟೆನಾ. ಬಿದಿರಿನ ತುದಿಗೆ ಕಟ್ಟಿ ಮಾಳಿಗೆಯ ಮೇಲೆ ನಿಲ್ಲಿಸಿ. ಕೇಬಲ್ ಮಾತ್ರ ಆದಷ್ಟು ಗಿಡ್ಡ ಇರಲಿ; ಸಾಮಾನ್ಯ ತೆಳ್ಳನೆಯ ಕೇಬಲ್ ಹತ್ತು ಮೀಟರಿನಲ್ಲೇ ಮೂರನೇ ಒಂದು ಭಾಗದಷ್ಟು ಶಕ್ತಿಯನ್ನು ನುಂಗಿಬಿಡುತ್ತದೆ. ಆಮೇಲೆ ಗೆಳೆಯನೊಬ್ಬನನ್ನು ಘಟಪ್ರಭಾದಲ್ಲಿ, ಇನ್ನೊಬ್ಬಳನ್ನು ಗೋಕಾಕದಲ್ಲಿ ನಿಲ್ಲಿಸಿ, ರಿಪೀಟರ್ ಇಲ್ಲದೆ ನೇರ ಮಾತಾಡಿ ನೋಡಿ. ಯಾವ ಓಣಿಯಿಂದ ಕೇಳುತ್ತದೆ, ಯಾವ ಗುಡ್ಡದ ಹಿಂದೆ ಸತ್ತುಹೋಗುತ್ತದೆ ಎಂಬುದನ್ನು ನಕ್ಷೆಯ ಮೇಲೆ ಬರೆದಿಡಿ. ಊರಿಗೆ ನೀರು ಬಂದ ದಿನ ಈ ನಕ್ಷೆಯ ಬೆಲೆ ತಿಳಿಯುತ್ತದೆ. ಹಿಡಕಲ್ ಅಣೆಕಟ್ಟಿನಂಥ ಕಡೆ ಮಾತ್ರ ಅನುಮತಿಯಿಲ್ಲದೆ ಸೆಟ್ಟು ಹಿಡಿದು ಹೋಗಬೇಡಿ. ವಾಕಿಟಾಕಿ ಕಂಡರೆ ಜನ ಅನುಮಾನ ಪಡುವುದು ಸಹಜ. ಲೈಸೆನ್ಸಿನ ಪ್ರತಿ ಸದಾ ಜೇಬಿನಲ್ಲಿರಲಿ.

ಅದೇ ಪುಟ್ಟ ಸೆಟ್ಟಿನಿಂದ ಬಾಹ್ಯಾಕಾಶವನ್ನೂ ಕೇಳಬಹುದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ಪ್ರಸಾರ 145.800 ಮೆಗಾಹರ್ಟ್ಸ್‌ನಲ್ಲಿ ಇಳಿಯುತ್ತದೆ. 2025ರ ಜುಲೈ 4ರಂದು ಶುಭಾಂಶು ಶುಕ್ಲಾ ಅಲ್ಲಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದೊಂದಿಗೆ ಮಾತಾಡಿದ್ದು ಹ್ಯಾಮ್ ರೇಡಿಯೊದಲ್ಲೇ. ನಿಲ್ದಾಣದಲ್ಲಿ 437.800ರಲ್ಲಿ ಮರುಪ್ರಸಾರ ಮಾಡುವ ಒಂದು ರಿಪೀಟರ್ ಕೂಡ ಇದೆ. (ರಿಪೀಟರ್ ಬಿಡಿ ಎಂದು ಹೇಳಿ ಮತ್ತೆ ರಿಪೀಟರನ್ನೇ ತೋರಿಸುತ್ತಿದ್ದೇನೆ ಎನ್ನಬೇಡಿ. ಇದು ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುವ ರಿಪೀಟರ್!) ನೆತ್ತಿಯ ಮೇಲೆ ಹಾಯುವುದು ಹತ್ತು ನಿಮಿಷ. ಎದುರು ಬರುವಾಗ 437.810ರ ಸುತ್ತ, ದಾಟಿ ಹೋಗುವಾಗ 437.790ರ ಸುತ್ತ ಕೇಳುತ್ತದೆ. ಪಿಯು ಪುಸ್ತಕದಲ್ಲಿ ಉರು ಹೊಡೆದ ಡಾಪ್ಲರ್ ಪರಿಣಾಮ ನಿಮ್ಮ ಕೈಯ ಗುಬ್ಬಿಯಲ್ಲೇ ತಿರುಗುತ್ತದೆ.

ನಮ್ಮದೇ ಒಂದು ಹ್ಯಾಮ್ ಉಪಗ್ರಹವೂ ಇತ್ತು. ಇಸ್ರೊ 2005ರ ಮೇ 5ರಂದು ಹಾರಿಸಿದ 42.5 ಕಿಲೋ ತೂಕದ ‘ಹ್ಯಾಮ್‌ಸ್ಯಾಟ್’. ಅದರ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದು ನಮ್ಮವರದು, ಇನ್ನೊಂದನ್ನು ಕಟ್ಟಿದ್ದು ವಿಲಿಯಂ ಲಿಯೆನಾರ್ ಎಂಬ ಡಚ್ ವಿದ್ಯಾರ್ಥಿ. 2014ರವರೆಗೆ ದುಡಿಯಿತು. 2010ರ ಜುಲೈ 12ರಂದು ಹಾರಿದ, ಒಂದು ಕಿಲೋಗಿಂತ ಹಗುರಾದ ‘ಸ್ಟಡ್‌ಸ್ಯಾಟ್’ ಕಟ್ಟಿದವರು ಕರ್ನಾಟಕ ಮತ್ತು ಆಂಧ್ರದ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಅದರ ಸಂಕೇತ ಬಂದದ್ದೂ ಹ್ಯಾಮ್ ಬ್ಯಾಂಡಿನಲ್ಲಿ.

ಇಂಗ್ಲಿಷ್ ಬರಲ್ಲ ಎಂಬ ಭಯ

ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಜನ ಎಚ್‌ಎಫ್‌ಗೆ ಹೋಗದಿರಲು ತಂತಿ, ದುಡ್ಡು ಕಾರಣವಲ್ಲ. ‘ಆ ಕಡೆಯವನು ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ?’ ಎಂಬ ಅಳುಕು. ಒಂದು ಸಂಜೆ ಬರೀ ಕೇಳುತ್ತ ಕೂತುಕೊಳ್ಳಿ. ಮೊದಲ ಭೇಟಿಯ ಮಾತು ಇಪ್ಪತ್ತು, ಮೂವತ್ತು ಪದ ದಾಟುವುದಿಲ್ಲ: ಕಾಲ್‌ಸೈನ್, ಹೆಸರು, ಊರು, ‘ಫೈವ್ ನೈನ್’ ಎಂಬ ಸಿಗ್ನಲ್ ವರದಿ, ಕೊನೆಗೆ ‘ಸೆವೆಂಟಿ ತ್ರೀ’ ಎಂಬ ಶುಭಾಶಯ. ಜಪಾನಿನವರ, ರಷ್ಯಾದವರ ಇಂಗ್ಲಿಷ್ ಕೇಳಿದ ಮೇಲೆ ನಮ್ಮ ಇಂಗ್ಲಿಷಿನ ಬಗ್ಗೆ ಇದ್ದ ನಾಚಿಕೆ ತಾನಾಗಿಯೇ ಹೋಗುತ್ತದೆ. ಕೊಣ್ಣೂರು ಎಂಬುದನ್ನು ಕಿಲೊ, ಆಸ್ಕರ್, ನವೆಂಬರ್ ಎಂದು ಅಕ್ಷರ ಬಿಡಿಸಿ ಹೇಳುವಾಗ, ಎಲ್ಲಿಯೋ ಕೂತವನೊಬ್ಬ ಅದನ್ನು ತನ್ನ ಲಾಗ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿರುತ್ತಾನೆ.

ಇದರಿಂದ ನೌಕರಿ ಸಿಗುತ್ತದೆಯೇ ಎಂದು ಮನೆಯವರು ಕೇಳುತ್ತಾರೆ. ಹ್ಯಾಮ್ ಲೈಸೆನ್ಸ್ ತೋರಿಸಿದರೆ ಯಾರೂ ಆದೇಶಪತ್ರ ಕೊಡುವುದಿಲ್ಲ, ಸುಳ್ಳು ಆಸೆ ಬೇಡ. ಆದರೆ ಎಲೆಕ್ಟ್ರಾನಿಕ್ಸ್ ಸಂದರ್ಶನದಲ್ಲಿ ‘ಅಂಟೆನಾ ಇಂಪೀಡೆನ್ಸ್ ಅಂದರೇನು?’ ಎಂದು ಕೇಳಿದಾಗ, ಗೈಡ್ ಓದಿದವನ ಉತ್ತರಕ್ಕೂ, ಮಾಳಿಗೆಯ ಮೇಲೆ ನಿಂತು ತಂತಿ ಕತ್ತರಿಸಿ ಮೀಟರ್ ನೋಡಿದವಳ ಉತ್ತರಕ್ಕೂ ಇರುವ ಫರಕು ಕೇಳುವವರಿಗೆ ಗೊತ್ತಾಗದೇ ಇರದು.

ಹೊರಡುವ ಮುನ್ನ ನಿಮ್ಮ ಲೈಸೆನ್ಸನ್ನು ಇನ್ನೊಮ್ಮೆ ಓದಿ. ಯಾವ ಬ್ಯಾಂಡು, ಎಷ್ಟು ವ್ಯಾಟ್, ಯಾವ ವಿಧಾನ ಎಂಬುದೆಲ್ಲ ಅದರ ನಿಯಮಗಳಲ್ಲಿದೆ. ರಿಸ್ಟ್ರಿಕ್ಟೆಡ್ ದರ್ಜೆಯವರಿಗೂ ಎಚ್‌ಎಫ್‌ನಲ್ಲಿ ಅವಕಾಶವಿದೆ ಎಂಬುದೇ ಹಲವರಿಗೆ ತಿಳಿದಿಲ್ಲ. ಅಕ್ಟೋಬರ್ ತಿಂಗಳ ಮೂರನೇ ವಾರಾಂತ್ಯದಲ್ಲಿ ಜಗತ್ತಿನ ಸ್ಕೌಟ್ಸ್‌ಗಳು ಹ್ಯಾಮ್ ರೇಡಿಯೊ ಮೂಲಕ ಭೇಟಿಯಾಗುವ ‘ಜಾಂಬೂರಿ ಆನ್ ದಿ ಏರ್’ ಇರುತ್ತದೆ. ಎದುರಿಗಿರುವವರೂ ನಿಮ್ಮ ಹಾಗೆ ಹೊಸಬರೇ, ತಡವರಿಸಿದರೂ ಯಾರೂ ನಗುವುದಿಲ್ಲ. ತಂತಿ ಕಟ್ಟಲು ಒಂದು ಭಾನುವಾರ ಸಾಕು, ಜತೆಗೆ ತೆಂಗಿನ ಮರ ಹತ್ತಲು ಬರುವ ಒಬ್ಬ ಗೆಳೆಯ.