ಹಂಪೆಗೆ ಯಾವಾಗ ಹೋಗಬೇಕು?

ಡೊಂಬಿವಲಿ, ಕಲ್ಯಾಣದಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ಕರ್ನಾಟಕವೆಂದರೆ ಮೇ ತಿಂಗಳು. ಪರೀಕ್ಷೆ ಮುಗಿದದ್ದೇ ತಡ, ಗಂಟುಮೂಟೆ ಕಟ್ಟಿ ಗಾಡಿ ಹತ್ತುವುದು. ಅಜ್ಜಿಯ ಊರಲ್ಲಿ ಇಪ್ಪತ್ತು ದಿನ. ನಡುವೆ ಯಾರಾದರೂ ಮಾವನಿಗೆ ಹುರುಪು ಬಂದು "ನಡೀರಿ, ಹುಡುಗರಿಗೆ ಹಂಪಿ ತೋರಿಸ್ಕೊಂಡು ಬರೋಣ" ಅಂದರೆ ಒಂದು ದಿನದ ಹಂಪೆ. ಹಾಗೆ ಹೋಗಿ ಬಂದವರನ್ನು ಕೇಳಿ ನೋಡಿ. "ಏನೈತಿ ಅಲ್ಲಿ? ಬರೇ ಕಲ್ಲು, ಬರೇ ಬಿಸಿಲು" ಅಂತಾರೆ. ಎರಡನೆಯ ಸಲ ಹೋಗುವ ಮಾತೇ ಇಲ್ಲ. ನನಗೆ ಸಂಕಟವಾಗುವುದು ಇಲ್ಲಿಯೇ. ಕನ್ನಡದವರು ಅಂತ ಹೇಳಿಕೊಳ್ಳುವ ನಾವು ಹಂಪೆಯನ್ನು ಜನ್ಮದಲ್ಲಿ ಒಂದೇ ಸಲ, ಅದೂ ಅದರ ಅತ್ಯಂತ ಕೆಟ್ಟ ತಿಂಗಳಲ್ಲಿ ನೋಡಿ, ಮುಗಿಯಿತು ಅಂದುಬಿಡುತ್ತೇವೆ.

ಜಪಾನಿನಲ್ಲಿ ಕ್ಯೋಟೋ ಎಂಬ ಹಳೆಯ ನಗರವಿದೆ. 794ರಿಂದ ಸಾವಿರಕ್ಕೂ ಹೆಚ್ಚು ವರ್ಷ ಚಕ್ರವರ್ತಿಗಳು ಇದ್ದ ಊರು. ಅಲ್ಲಿಗೆ ಹೋಗುವವರು ಮೊದಲು ಕೇಳುವುದು "ಯಾವಾಗ?" ಎಂದು. ಚೆರ್ರಿ ಹೂ ಬಿಡುವ ಏಪ್ರಿಲೋ, ಮೇಪಲ್ ಎಲೆ ಕೆಂಪಾಗುವ ನವೆಂಬರೋ? ಹೂವು ಯಾವ ವಾರ ಅರಳೀತೆಂದು ಮುನ್ಸೂಚನೆ ಕೂಡ ಹೊರಡುತ್ತದೆ. ನಾವು ಹಂಪೆಯ ಬಗ್ಗೆ ಆ ಪ್ರಶ್ನೆ ಕೇಳುವುದೇ ಇಲ್ಲ.

ಮೇ ತಿಂಗಳಲ್ಲಿ ಆಗುವುದೇನು? ಹೊಸಪೇಟೆಯ ಕಡೆ ಉಷ್ಣಮಾನ 40 ಡಿಗ್ರಿ ಮುಟ್ಟುತ್ತದೆ. ಅದಕ್ಕಿಂತ ಮುಖ್ಯ, ಹಂಪೆಯ ಸುತ್ತ ಇರುವುದೆಲ್ಲ ಗ್ರಾನೈಟ್ ಬಂಡೆ. ಹಗಲೆಲ್ಲ ಕುಡಿದ ಬಿಸಿಯನ್ನು ಅದು ರಾತ್ರಿ ಉಗುಳುತ್ತದೆ. ಸಂಜೆ ಏಳಕ್ಕೆ ಮಂಟಪದ ಕಟ್ಟೆಯ ಮೇಲೆ ಕೂತರೂ ಹೆಂಚಿನ ಮೇಲೆ ಕೂತಂತೆ. ಯುನೆಸ್ಕೋ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಈ ಅವಶೇಷಗಳು ಹರಡಿಕೊಂಡಿರುವುದು ಸುಮಾರು 40 ಚದರ ಕಿಲೋಮೀಟರು. ನಡೆದೇ ನೋಡಬೇಕಾದ ಜಾಗ. ಮೇ ತಿಂಗಳಲ್ಲಿ ಯಾರು ನಡೆದಾರು?

ಹಾಗಾದರೆ ಮಳೆಗಾಲ? ಮಳೆಯೆಂದರೆ ನಮ್ಮ ಕಣ್ಣಿಗೆ ಬರುವುದು ಥಾಣೆಯ ಮಳೆ, ನಿಂತ ಲೋಕಲ್ ಗಾಡಿ. ಥಾಣೆಯಲ್ಲಿ ವರ್ಷಕ್ಕೆ 2,500 ಮಿಲಿಮೀಟರಿನ ಆಸುಪಾಸು ಸುರಿದರೆ ಹೊಸಪೇಟೆಯಲ್ಲಿ ಸುಮಾರು 600. ಸಹ್ಯಾದ್ರಿ ಮೋಡವನ್ನು ಪಡುವಣದಲ್ಲೇ ಹಿಂಡಿಬಿಡುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹಂಪೆಯಲ್ಲಿ ಮೋಡ, ಗಾಳಿ, ಆಗೊಂದು ಈಗೊಂದು ಜಡಿ, ಅಷ್ಟೆ. ಆದರೆ ಮಲೆನಾಡಿನ ನೀರು ಹೊತ್ತು ತುಂಗಭದ್ರೆ ಬರುತ್ತಾಳೆ. ಅಣೆಕಟ್ಟಿನ ಗೇಟು ತೆಗೆದರೆ ಪುರಂದರದಾಸರ ಮಂಟಪ ನೀರಲ್ಲಿ ಮುಳುಗುತ್ತದೆ, ಹರಿಗೋಲು ನಿಲ್ಲುತ್ತದೆ, ಆನೆಗೊಂದಿಗೆ ರಸ್ತೆ ಹಿಡಿದು ಸುತ್ತಬೇಕು. ನಾನು ಒಂದು ಆಗಸ್ಟ್‌ನಲ್ಲಿ ಹೋಗಿದ್ದೆ. ಹೊಳೆಯ ಅಬ್ಬರ ಕೇಳುತ್ತ ದಡದಲ್ಲಿ ನಿಂತದ್ದು ಚೆನ್ನಾಗಿತ್ತು, ಆದರೆ ಹೊಳೆಯಂಚಿನ ಅರ್ಧ ಹಂಪೆ ಕೈಗೆ ಸಿಗಲಿಲ್ಲ.

ನನ್ನ ಮತ ಅಕ್ಟೋಬರಿಗೆ. ಇದು ನನ್ನೊಬ್ಬನ ಮತವಲ್ಲ, ವಿಜಯನಗರದ ಅರಸರದೇ. ಆ ಊರಿಗೆ ತನ್ನದೇ ಒಂದು ಕಾಲವಿತ್ತು, ಮಹಾನವಮಿ. ಮಳೆಗಾಲದಲ್ಲಿ ದಾರಿ ಕೆಸರು, ಹೊಳೆ ತುಂಬಿ, ಸೈನ್ಯ ಹೊರಡುವಂತಿಲ್ಲ. ಮಳೆ ಹಿಂದೆಗೆದು ಕೆರೆ ತುಂಬಿ ಪೈರು ನಿಂತಾಗ ಹಬ್ಬ. ಹಬ್ಬದ ಕೊನೆಗೆ ಆನೆ, ಕುದುರೆ, ಕಾಲಾಳುಗಳ ಪರಿವೀಕ್ಷಣೆ. ಆಮೇಲೆ ದಂಡಯಾತ್ರೆಯ ಕಾಲ. (1565ರ ತಾಳಿಕೋಟೆ ಯುದ್ಧ ಆದದ್ದೂ ಜನವರಿಯಲ್ಲಿ.) ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ಬರೆದಿಟ್ಟ ಕುಸ್ತಿ, ಕುಣಿತ, ಬಾಣಬಿರುಸು, ಸಿಂಗರಿಸಿದ ಕುದುರೆಗಳು ಈ ಒಂಬತ್ತು ದಿನಗಳವೇ. ಮೇ ಬಿಸಿಲಿನಲ್ಲಿ ಮಹಾನವಮಿ ದಿಬ್ಬ ಬರೀ ಒಂದು ಎತ್ತರದ ಜಗಲಿ. ಅಕ್ಟೋಬರಿನಲ್ಲಿ ಅದರ ಮೇಲೆ ನಿಂತು ಸುತ್ತ ನೋಡಿದರೆ ಅರಸ ಇಲ್ಲೇ ಏಕೆ ಕೂರುತ್ತಿದ್ದ ಅನ್ನೋದು ಹೊಳೆಯುತ್ತದೆ. ಕೆಳಗೆ ಬಯಲು, ಆಚೆ ಬಂಡೆಗಳ ನಡುವೆ ಹಸಿರು. ತೊಳೆದ ಗ್ರಾನೈಟಿಗೆ ಬೆಳಗಿನ ಬಿಸಿಲು ಬಿದ್ದಾಗ ಬರುವ ಬಣ್ಣವನ್ನು ಬಣ್ಣಿಸಲು ಹೋಗುವುದಿಲ್ಲ. ವಿಜಯನಗರ ಕಾಲದ ತುರ್ತು ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತದೆ, ಅದರ ದಂಡೆಯ ಗದ್ದೆಗಳಲ್ಲಿ ಭತ್ತ ನಿಂತಿರುತ್ತದೆ.

ಮುಂಬಯಿಯ ಅಕ್ಟೋಬರ್ ಸೆಖೆ ನೆನೆದು ಹೆದರಬೇಡಿ. ಅಲ್ಲಿ ಸೆಖೆ ಇಷ್ಟಿಲ್ಲ. ಆದರೆ ಹಿಂಗಾರು ಮಳೆ ಮಧ್ಯಾಹ್ನದ ಮೇಲೆ ಒಮ್ಮೊಮ್ಮೆ ಬಂದೇ ಬರುತ್ತದೆ. ನೋಡುವುದನ್ನು ಬೆಳಿಗ್ಗೆಯೇ ನೋಡಿ, ಮಧ್ಯಾಹ್ನ ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಹೋಗಿ. ಶುಕ್ರವಾರ ಅದಕ್ಕೆ ರಜೆ.

ಚಳಿಗಾಲ ಹವೆಯ ಮಟ್ಟಿಗೆ ಒಳ್ಳೆಯದೇ, ಆದರೆ ಕ್ರಿಸ್‌ಮಸ್ ವಾರದಲ್ಲಿ ಕಾಲಿಡಲು ಜಾಗವಿಲ್ಲ. ಹಂಪಿ ಉತ್ಸವಕ್ಕೆ ಹೋಗುವುದಾದರೆ ಉತ್ಸವ ನೋಡಲು ಹೋಗಿ, ಹಂಪೆ ನೋಡಲು ಅಲ್ಲ. ದಿನಾಂಕ ಪ್ರತಿವರ್ಷ ಬದಲಾಗುತ್ತದೆ. 2024ರಲ್ಲಿ ಫೆಬ್ರವರಿ ಆರಂಭಕ್ಕೆ, 2025ರಲ್ಲಿ ತಿಂಗಳ ಕೊನೆಗೆ ಇತ್ತು.

ದಸರೆಗೆ ನಮ್ಮ ಕಾಲೇಜಿಗೆ ರಜೆ ಒಂದೇ ದಿನ, ಗೊತ್ತು. ದೀಪಾವಳಿ ರಜೆಯಲ್ಲಿ ಹಬ್ಬ ಮುಗಿದ ಮೇಲಿನ ಸೋಮವಾರದಿಂದ ಗುರುವಾರ ಸಾಕು. ಹಸಿರು ಆಗಲೂ ಇರುತ್ತದೆ. ಮುಂಬಯಿ–ಗದಗ ಗಾಡಿಯನ್ನು ಈಗ ಹೊಸಪೇಟೆಯವರೆಗೆ ಮುಂದುವರಿಸಿದ್ದಾರೆ. ರಾತ್ರಿ ಕಲ್ಯಾಣದಲ್ಲಿ ಹತ್ತಿದರೆ ಮರುದಿನ ಮಧ್ಯಾಹ್ನಕ್ಕೆ ಹೊಸಪೇಟೆ. ಟಿಕೀಟು 60 ದಿನ ಮೊದಲೇ ತೆರೆಯುತ್ತದೆ, ಅಂದರೆ ಗಣಪತಿ ಹಬ್ಬದ ಗಲಾಟೆಯಲ್ಲೇ ಯಾರಾದರೂ ಒಬ್ಬರು ನೆನಪಿಟ್ಟು ತೆಗೆಯಬೇಕು.