ಕರಾರಿಗೆ ರುಜು ಮಾಡಿದ ಸ್ಥಳ ಮುಖ್ಯವೇ?

ಕೈಸಾಲ, ದನದ ವ್ಯಾಪಾರ, ಬೀಜೋತ್ಪಾದನೆ, ಮಿಡಿಸೌತೆ ಬೇಸಾಯ ಮುಂತಾದವುಗಳಿಗೆ ರೈತರು ಕರಾರು ಬರೆದುಕೊಡುವುದು ಸಾಮಾನ್ಯ. ಕೆಲವಕ್ಕೆ ಹೊಲದ ಬದುವಿನ ಮೇಲೆ ರುಜು ಬೀಳುತ್ತದೆ, ಕೆಲವಕ್ಕೆ ಸಂತೆಯಲ್ಲಿ, ಮತ್ತೆ ಕೆಲವಕ್ಕೆ ದೂರದ ಪಟ್ಟಣದ ಕಚೇರಿಯಲ್ಲಿ. ಮುಂದೆ ತಕರಾರು ಎದ್ದಾಗ, "ಇದು ಸಂತೆಯಲ್ಲಿ ಬರೆದ ಕಾಗದ, ನಡೆಯುವುದಿಲ್ಲ" ಎಂದು ಎದುರು ಪಕ್ಷದವರು ಹೆದರಿಸುವುದುಂಟು. ಈ ಮಾತನ್ನು ನಂಬಿದರೆ ನ್ಯಾಯವಾಗಿ ಬರಬೇಕಾದ ಹಣವೇ ಕೈತಪ್ಪೀತು. ಆದುದರಿಂದ ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆಂಬುದನ್ನು ರೈತರು ತಿಳಿದಿರುವುದು ಅಗತ್ಯ.

ಸಿಂಧುತ್ವಕ್ಕೆ ಬೇಕಾದುದೇನು?

1872ರ ಭಾರತೀಯ ಕರಾರು ಕಾಯಿದೆಯ 10ನೇ ಕಲಮಿನಂತೆ ಕರಾರು ಊರ್ಜಿತವಾಗಲು ಬೇಕಾದ ಮುಖ್ಯ ಅಂಶಗಳು ಇವು:

1. ಎರಡೂ ಪಕ್ಷದವರು 18 ವರ್ಷ ತುಂಬಿದವರೂ ಸ್ವಸ್ಥಚಿತ್ತರೂ ಆಗಿರಬೇಕು.
2. ಒಪ್ಪಿಗೆಯು ಬಲಾತ್ಕಾರ, ಮೋಸ, ಒತ್ತಡಗಳಿಲ್ಲದೆ ಬಂದಿರಬೇಕು.
3. ಕೊಡುಕೊಳ್ಳುವ ಪ್ರತಿಫಲವಿರಬೇಕು, ಅದೂ ಕರಾರಿನ ಉದ್ದೇಶವೂ ಕಾನೂನುಬದ್ಧವಾಗಿರಬೇಕು.

ಈ ಪಟ್ಟಿಯಲ್ಲಿ ಸ್ಥಳದ ಮಾತೇ ಇಲ್ಲ. ಹೊಲದಲ್ಲಿ ಮಾಡಿದ ರುಜುವಿಗೂ ಕಚೇರಿಯಲ್ಲಿ ಮಾಡಿದ ರುಜುವಿಗೂ ಬೆಲೆ ಒಂದೇ. ಹಾಗೆಯೇ, ಕಾನೂನು ಒಪ್ಪದ ಕರಾರು ಒಳ್ಳೆಯ ಸ್ಥಳದಲ್ಲಿ ಬರೆದ ಮಾತ್ರಕ್ಕೆ ಊರ್ಜಿತವಾಗದು. ಉದಾಹರಣೆಗೆ, 1961ರ ಕರ್ನಾಟಕ ಭೂ ಸುಧಾರಣಾ ಕಾಯಿದೆಯು ಕೆಲವು ವಿನಾಯಿತಿಗಳನ್ನು ಬಿಟ್ಟರೆ ವ್ಯವಸಾಯದ ಜಮೀನನ್ನು ಗೇಣಿಗೆ ಕೊಡುವುದನ್ನು ನಿಷೇಧಿಸಿದೆ. ಅಂತಹ ಗೇಣಿ ಪತ್ರವನ್ನು ಹೊರ ರಾಜ್ಯಕ್ಕೆ ಹೋಗಿ ಬರೆದರೂ ಪ್ರಯೋಜನವಿಲ್ಲ.

ಸ್ಥಳ ಮುಖ್ಯವಾಗುವುದು ಎಲ್ಲಿ?

ದಾವೆ ಹೂಡುವಾಗ ಸ್ಥಳವು ಮುಖ್ಯವಾಗುತ್ತದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಕಲಮಿನಂತೆ, ಪ್ರತಿವಾದಿ ವಾಸಿಸುವ ಊರಿನ ನ್ಯಾಯಾಲಯದಲ್ಲಾಗಲಿ, ವ್ಯಾಜ್ಯದ ಕಾರಣವು ಪೂರ್ತಿ ಅಥವಾ ಭಾಗಶಃ ಹುಟ್ಟಿದ ಊರಿನ ನ್ಯಾಯಾಲಯದಲ್ಲಾಗಲಿ ದಾವೆ ಹೂಡಬಹುದು. ಕರಾರು ಆದ ಊರು, ಮಾಲು ಒಪ್ಪಿಸಬೇಕಾದ ಊರು, ಹಣ ಸಲ್ಲಬೇಕಾದ ಊರು ಇವೆಲ್ಲ ಇದರಲ್ಲಿ ಸೇರುತ್ತವೆ. ಜಮೀನಿನ ಹಕ್ಕಿನ ದಾವೆಗಾದರೋ ಜಮೀನು ಇರುವ ಸ್ಥಳವೇ ಆಧಾರ.

ಹತ್ತಿಬೀಜದ ಹಿಂಡಿಯ ವ್ಯಾಪಾರದಿಂದ ಹುಟ್ಟಿದ ಒಂದು ಮೊಕದ್ದಮೆ ಇದಕ್ಕೆ ಪ್ರಸಿದ್ಧ ನಿದರ್ಶನ. 1959ರಲ್ಲಿ ಅಹಮದಾಬಾದಿನ ವ್ಯಾಪಾರಿಗಳಿಗೂ ಮಹಾರಾಷ್ಟ್ರದ ಖಾಮಗಾಂವದ ಎಣ್ಣೆ ಗಿರಣಿಗೂ ದೂರವಾಣಿಯಲ್ಲಿಯೇ ಮಾತು ಕುದುರಿತ್ತು. ಹಿಂಡಿ ಬರಲಿಲ್ಲವೆಂದು ವ್ಯಾಪಾರಿಗಳು ಅಹಮದಾಬಾದಿನಲ್ಲಿ ದಾವೆ ಹೂಡಿದರು. ಬೇಡಿಕೆ ಇಟ್ಟವರಿಗೆ ಒಪ್ಪಿಗೆಯ ಮಾತು ಕೇಳಿಸಿದ್ದು ಅಹಮದಾಬಾದಿನಲ್ಲಿ. ಆದ್ದರಿಂದ ಕರಾರು ಆದದ್ದೂ ಅಲ್ಲಿಯೇ ಎಂದು ಸರ್ವೋಚ್ಚ ನ್ಯಾಯಾಲಯವು 1965ರಲ್ಲಿ ಬಹುಮತದಿಂದ ತೀರ್ಪಿತ್ತಿತು. ಗಿರಣಿಯವರು ಅಹಮದಾಬಾದಿನ ನ್ಯಾಯಾಲಯದಲ್ಲಿಯೇ ಉತ್ತರ ಹೇಳಬೇಕಾಯಿತು.

ಅಚ್ಚಾದ ಕರಾರು ಪತ್ರದ ಕೊನೆಯಲ್ಲಿರುವ "ಸ್ಥಳ" ಎಂಬ ಖಾಲಿ ಜಾಗವನ್ನು ರೈತರು ಅಲಕ್ಷಿಸಬಾರದೆಂಬುದು ಈ ಕಾರಣಕ್ಕೇ. ಹೊಲದಲ್ಲಿ ರುಜು ಮಾಡಿ, ಕಾಗದದಲ್ಲಿ ದೂರದ ನಗರದ ಹೆಸರು ಬರೆಯಲು ಬಿಟ್ಟರೆ, ನಾಳೆ ಆ ನಗರಕ್ಕೆ ಅಲೆಯಬೇಕಾದೀತು. "ದಾವೆಗಳು ಇಂತಹ ಊರಿನಲ್ಲಿ ಮಾತ್ರ" ಎಂಬ ಷರತ್ತನ್ನೂ ಓದಿ ನೋಡಬೇಕು. ಅಧಿಕಾರವೇ ಇಲ್ಲದ ನ್ಯಾಯಾಲಯಕ್ಕೆ ಇಂತಹ ಷರತ್ತು ಅಧಿಕಾರ ಕೊಡಲಾರದು. ಆದರೆ ಅಧಿಕಾರವಿರುವ ಎರಡು ಮೂರು ಊರುಗಳ ಪೈಕಿ ಒಂದನ್ನೇ ಆರಿಸಿದ್ದರೆ ಸಾಮಾನ್ಯವಾಗಿ ಅದು ನಿಲ್ಲುತ್ತದೆ.

ಛಾಪಾ ಕಾಗದ

ಛಾಪಾ ಸುಂಕವು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹೊರ ರಾಜ್ಯದಲ್ಲಿ ಬರೆದ ಪತ್ರವನ್ನು ಇಲ್ಲಿ ಬಳಸುವಾಗ ವ್ಯತ್ಯಾಸದ ಸುಂಕ ತೆರಬೇಕಾಗಬಹುದು. ಸುಂಕ ಕಡಿಮೆಯಾದ ಮಾತ್ರಕ್ಕೆ ಕರಾರು ರದ್ದಾಗದು. ಸಾಮಾನ್ಯ ಕರಾರು ಪತ್ರವಾದರೆ ಬಾಕಿ ಸುಂಕವನ್ನೂ ದಂಡವನ್ನೂ ಕಟ್ಟಿದ ಮೇಲೆ ನ್ಯಾಯಾಲಯವು ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುತ್ತದೆ.

ರೈತರು ಗಮನಿಸಬೇಕಾದ ಅಂಶಗಳು

* ಖಾಲಿ ಕಾಗದಕ್ಕೆ ರುಜುವನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬಾರದು.
* ರುಜು ಮಾಡಿದ ನಿಜವಾದ ಊರು ಮತ್ತು ತಾರೀಖನ್ನು ಅಲ್ಲಿಯೇ ಬರೆಯಬೇಕು. ಕೈಸಾಲದ ದಾವೆಗೆ ಸಾಮಾನ್ಯವಾಗಿ 3 ವರ್ಷಗಳ ಗಡುವು ಇರುವುದರಿಂದ ತಾರೀಖು ಬಹಳ ಮುಖ್ಯ.
* ಮಾಲು ಒಪ್ಪಿಸುವ ಮತ್ತು ಹಣ ಪಡೆಯುವ ಊರನ್ನು ಕರಾರಿನಲ್ಲಿ ಕಾಣಿಸಬೇಕು.
* ಊರಿನವರಿಬ್ಬರ ಸಾಕ್ಷಿ ಹಾಕಿಸಿ, ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಬೇಕು.

ಸಂಶಯ ಬಂದಲ್ಲಿ ರುಜು ಮಾಡುವ ಮೊದಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ನಿಗದಿತ ಮಿತಿಗಿಂತ ಕಡಿಮೆ ವರಮಾನವುಳ್ಳವರು ಅಲ್ಲಿ ಉಚಿತ ಕಾನೂನು ನೆರವಿಗೆ ಅರ್ಹರು.